ವಿದೇಶದಿಂದ ಕಳಿಸಿದ ಹಣ ಖಾತೆಗೆ ಬಂದಿಲ್ಲವೇ? ಅದು ಎಲ್ಲಿರುತ್ತದೆ, ಹೇಗೆ ಹುಡುಕಿಸಬೇಕು

ಮಗ ದುಬೈನಲ್ಲಿ, ತಾಯಿ ಹನೂರಿನ ಪಕ್ಕದ ಹಳ್ಳಿಯಲ್ಲಿ. ಮಗಳ ಕಾಲೇಜು ಫೀಸು ಕಟ್ಟಲು ಹತ್ತು ದಿನ ಉಳಿದಿದೆ. ಮಗ ಹಣ ಕಳಿಸುತ್ತಾನೆ. ಅವನ ಮೊಬೈಲಿನಲ್ಲಿ ‘ಹಣ ಕಳುಹಿಸಲಾಗಿದೆ’ ಎಂದು ಹಸಿರು ಟಿಕ್ ಬೀಳುತ್ತದೆ. ಐದು ದಿನವಾದರೂ ತಾಯಿಯ ಫೋನಿಗೆ ಮೆಸೇಜ್ ಇಲ್ಲ. “ಕಳ್ಸಿ ಆಯ್ತು ಕಣವ್ವ” ಎನ್ನುತ್ತಾನೆ ಮಗ. “ನಮಗೇನೂ ಬಂದಿಲ್ಲಮ್ಮ” ಎನ್ನುತ್ತಾರೆ ಬ್ಯಾಂಕಿನವರು.

ಇದು ನಾವು ಹೆಣೆದ ಉದಾಹರಣೆ. ಆದರೆ ಮನೆಯಲ್ಲೊಬ್ಬರು ಹೊರದೇಶದಲ್ಲಿ ದುಡಿಯುತ್ತಿದ್ದರೆ ಇಂಥ ದಿನ ನಿಮಗೂ ಬರಬಹುದು. ಆಗ ತಾಯಿ ಮಗನನ್ನು ಅನುಮಾನಿಸುತ್ತಾಳೆ, ಮಗ ಬ್ಯಾಂಕನ್ನು ಬೈಯುತ್ತಾನೆ, ಮನೆಯ ವಾಟ್ಸಾಪ್ ಗುಂಪಿಗೆ ಸಲಹೆಗಳು ಬಂದು ಬೀಳುತ್ತವೆ. ‘ಬ್ಯಾಂಕು ದಿನಕ್ಕೆ 100 ರೂಪಾಯಿ ದಂಡ ಕೊಡಲೇಬೇಕು’ ಎನ್ನುತ್ತದೆ ಒಂದು. ‘ಹಣ ರಿಸರ್ವ್ ಬ್ಯಾಂಕಿನಲ್ಲಿ ತಡೆಹಿಡಿದಿದ್ದಾರೆ, ತೆರಿಗೆ ಕಟ್ಟಿದರೆ ಬಿಡುತ್ತಾರೆ’ ಎನ್ನುತ್ತದೆ ಇನ್ನೊಂದು. ‘ಈ ನಂಬರಿಗೆ ಫೋನ್ ಮಾಡಿ, ಅರ್ಧ ಗಂಟೆಯಲ್ಲಿ ಕೆಲಸ ಆಗುತ್ತೆ’ ಎನ್ನುತ್ತದೆ ಮತ್ತೊಂದು.

ಇವುಗಳಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು ಎಂದು ನೋಡೋಣ. ಅದಕ್ಕೂ ಮೊದಲು ಮುಖ್ಯವಾದ ಮೂರು ಮಾತು ಹೇಳಿಬಿಡುತ್ತೇವೆ. ಒಂದು, ಬ್ಯಾಂಕಿನ ಮೂಲಕ ಕಳಿಸಿದ ಹಣ ಗಾಳಿಯಲ್ಲಿ ಕರಗುವುದಿಲ್ಲ, ಯಾವುದೋ ಒಂದು ಬ್ಯಾಂಕಿನ ಲೆಕ್ಕದಲ್ಲಿ ಕುಳಿತಿರುತ್ತದೆ. ಎರಡು, ಅದನ್ನು ಹುಡುಕಲು ಬೇಕಾದದ್ದು ಒಂದು ನಂಬರು. ಆ ನಂಬರು ಸಿಗುವುದು ಹಣ ಕಳಿಸಿದವರ ಕಡೆ. ಮೂರು, ಬರಬೇಕಾದ ಹಣವನ್ನು ಬಿಡಿಸಿಕೊಳ್ಳಲು ಯಾರೋ ಅಪರಿಚಿತರಿಗೆ ಹಣ ಕಟ್ಟಬೇಕಾದ ಪ್ರಸಂಗ ಬರುವುದೇ ಇಲ್ಲ.

ಹಣ ನಿಜವಾಗಿ ಪ್ರಯಾಣ ಮಾಡುತ್ತದೆಯೇ?

ಇಲ್ಲ. ಪ್ರಯಾಣ ಮಾಡುವುದು ಒಂದು ಸಂದೇಶ ಮಾತ್ರ.

ಹಿಂದಿನ ಕಾಲದ ಹುಂಡಿ ವ್ಯವಹಾರವನ್ನು ನೆನಪಿಸಿಕೊಳ್ಳಿ. ಒಂದೂರಿನ ವ್ಯಾಪಾರಿ ದೂರದ ಊರಿನ ತನ್ನ ಪರಿಚಯದ ಸಾಹುಕಾರನಿಗೆ ಚೀಟಿ ಬರೆದುಕೊಡುತ್ತಿದ್ದ: ‘ಈ ಚೀಟಿ ತಂದವರಿಗೆ ನನ್ನ ಲೆಕ್ಕದಲ್ಲಿ ಇಷ್ಟು ಕೊಡಿ’ ಎಂದು. ರೂಪಾಯಿಯ ಗಂಟು ದಾರಿ ಸವೆಸುತ್ತಿರಲಿಲ್ಲ. ಚೀಟಿ ಹೋಗುತ್ತಿತ್ತು, ಲೆಕ್ಕ ಆಮೇಲೆ ಚುಕ್ತಾ ಆಗುತ್ತಿತ್ತು.

ಇವತ್ತಿನ ಅಂತಾರಾಷ್ಟ್ರೀಯ ಬ್ಯಾಂಕಿಂಗ್ ಕೂಡ ಬಹುಮಟ್ಟಿಗೆ ಹೀಗೇ. ಚೀಟಿಯ ಜಾಗದಲ್ಲಿರುವುದು ‘ಸ್ವಿಫ್ಟ್’. ಇದು 1973ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿದ ಬ್ಯಾಂಕುಗಳ ಸಹಕಾರ ಸಂಸ್ಥೆ. ಇನ್ನೂರಕ್ಕೂ ಹೆಚ್ಚು ದೇಶ, ಪ್ರಾಂತಗಳ 11,000ಕ್ಕೂ ಹೆಚ್ಚು ಸಂಸ್ಥೆಗಳು ಇದರ ಜಾಲದಲ್ಲಿವೆ. ಸ್ವಿಫ್ಟ್ ತನ್ನ ಕೈಯಲ್ಲಿ ಯಾರ ಹಣವನ್ನೂ ಇಟ್ಟುಕೊಳ್ಳುವುದಿಲ್ಲ. ಒಂದು ಬ್ಯಾಂಕಿನ ಮಾತನ್ನು ಇನ್ನೊಂದಕ್ಕೆ ಭದ್ರವಾಗಿ ತಲುಪಿಸುವುದಷ್ಟೇ ಅದರ ಕೆಲಸ.

ಈಗ ಅಮೆರಿಕದ ಒಂದು ಸಣ್ಣ ಬ್ಯಾಂಕಿಗೂ ನಿಮ್ಮ ಬ್ಯಾಂಕಿಗೂ ನೇರ ಲೆಕ್ಕ ಇಲ್ಲ ಎಂದುಕೊಳ್ಳಿ. ಆಗ ಎರಡರ ಜೊತೆಗೂ ಲೆಕ್ಕ ಇರುವ ಒಂದು ದೊಡ್ಡ ಬ್ಯಾಂಕು, ಕೆಲವೊಮ್ಮೆ ಎರಡು, ನಡುವೆ ಬರುತ್ತವೆ. ಇವು ಮಧ್ಯವರ್ತಿ ಬ್ಯಾಂಕುಗಳು. ಮಗನ ಫೋನಿನ ಹಸಿರು ಟಿಕ್ಕಿನ ಅರ್ಥ ‘ನಾವು ಚೀಟಿ ಬರೆದು ಕಳಿಸಿದ್ದೇವೆ’ ಎಂದಷ್ಟೆ. ಶಾಖೆಯವರು ‘ಬಂದಿಲ್ಲ’ ಎಂದದ್ದರ ಅರ್ಥ ‘ಚೀಟಿ ನಮ್ಮ ಕೈಗೆ ಇನ್ನೂ ಬಂದಿಲ್ಲ’ ಎಂದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಚೀಟಿ ನಡುವೆ ಎಲ್ಲೋ ನಿಂತಿದೆ.

ಕೊಲ್ಲಿ ದೇಶಗಳಿಂದ ಬರುವ ಹಣಕ್ಕೆ ಇನ್ನೊಂದು ದಾರಿಯೂ ಇದೆ. ಅಲ್ಲಿನ ಎಕ್ಸ್‌ಚೇಂಜ್ ಕಂಪನಿಗಳು ಭಾರತದ ಯಾವುದಾದರೊಂದು ಬ್ಯಾಂಕಿನಲ್ಲಿ ರೂಪಾಯಿ ಖಾತೆ ಇಟ್ಟುಕೊಂಡಿರುತ್ತವೆ. ರಿಸರ್ವ್ ಬ್ಯಾಂಕ್ ಇದನ್ನು ‘ರುಪೀ ಡ್ರಾಯಿಂಗ್ ಅರೇಂಜ್‌ಮೆಂಟ್’ ಎನ್ನುತ್ತದೆ. ನಿಮ್ಮ ಮಗ ಅಲ್ಲಿ ದಿರ್ಹಮ್ ಕಟ್ಟುತ್ತಾನೆ, ಕಂಪನಿ ಇಲ್ಲಿನ ತನ್ನ ರೂಪಾಯಿ ಖಾತೆಯಿಂದ ನೆಫ್ಟ್ ಅಥವಾ ಐಎಂಪಿಎಸ್ ಮೂಲಕ ನಿಮಗೆ ಹಾಕಿಸುತ್ತದೆ. ಕೊನೆಯ ಹೆಜ್ಜೆ ಪೂರ್ತಿ ದೇಶದೊಳಗಿನದೇ. ಹಣ ಯಾವ ದಾರಿಯಲ್ಲಿ ಹೊರಟಿತ್ತು ಎಂದು ಮೊದಲು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೆ?

1. ಹೆಸರಿನಲ್ಲಿ

ನಮ್ಮ ಕಡೆಯ ಹೆಸರುಗಳನ್ನೇ ನೋಡಿ. ಮನೆಯಲ್ಲಿ ಕರೆಯುವುದು ಮಾದಮ್ಮ, ಪಾಸ್‌ಬುಕ್ಕಿನಲ್ಲಿ ಮಹದೇವಮ್ಮ, ಪಹಣಿಯಲ್ಲಿ ‘ಮಹದೇವಮ್ಮ ಕೋಂ’ ಎಂದು ಗಂಡನ ಹೆಸರೂ ಸೇರಿದ್ದು, ಆಧಾರಿನಲ್ಲಿ ಹಿಂದೆ ಒಂದು ಇನಿಷಿಯಲ್. ಮಾದಪ್ಪ, ಮಾದೇಶ, ಮಹದೇವಸ್ವಾಮಿ, ರಾಚಪ್ಪ, ರಂಗಸ್ವಾಮಿ ಇವುಗಳನ್ನು ಇಂಗ್ಲಿಷಿನಲ್ಲಿ ಒಂದೊಂದು ಕಾಗದದಲ್ಲಿ ಒಂದೊಂದು ರೀತಿ ಬರೆದಿರುತ್ತಾರೆ. ಮಗ ಬಾಯಿಗೆ ಬಂದ ಹೆಸರು ಟೈಪ್ ಮಾಡಿದರೆ, ವಿದೇಶದಿಂದ ಬಂದ ಹಣವಾದ್ದರಿಂದ ಬ್ಯಾಂಕಿನವರು ಹೆಸರು ತಾಳೆಯಾಗಲಿಲ್ಲ ಎಂದು ಪಕ್ಕಕ್ಕೆ ಇಡಬಹುದು.

ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಬಳಿ 1974ರಲ್ಲಿ ನೆಲೆಗೊಂಡ ಟಿಬೆಟನ್ ವಸಾಹತು ಧೊಂಡೆನ್‌ಲಿಂಗ್ ಇದೆ. ಟಿಬೆಟನ್ನರಲ್ಲಿ ಬಹಳ ಮಂದಿಗೆ ನಾವು ಅಂದುಕೊಳ್ಳುವಂಥ ಮನೆತನದ ಹೆಸರು ಇರುವುದಿಲ್ಲ. ತೆನ್‌ಜಿನ್ ಎಂಬ ಹೆಸರಂತೂ ಗಂಡಸರಿಗೂ ಹೆಂಗಸರಿಗೂ ಉಂಟು. ವಿದೇಶಿ ಬ್ಯಾಂಕಿನ ಫಾರಂ ‘ಮೊದಲ ಹೆಸರು’, ‘ಕೊನೆಯ ಹೆಸರು’ ಎಂದು ಎರಡು ಖಾನೆ ತುಂಬಲೇಬೇಕು ಎಂದಾಗ ಏನೋ ಒಂದು ತುಂಬುತ್ತಾರೆ. ಇಲ್ಲಿ ಅದು ಖಾತೆಯ ಹೆಸರಿಗೆ ಹೊಂದುವುದಿಲ್ಲ. ಇನಿಷಿಯಲ್ ಇಟ್ಟುಕೊಂಡ ನಮ್ಮ ಹಳ್ಳಿಯವರ ಕಷ್ಟವೂ ಇದೇ.

2. ಹಳೆಯ ಐಎಫ್‌ಎಸ್‌ಸಿಯಲ್ಲಿ

ಹತ್ತು ವರ್ಷದ ಹಿಂದೆ ಮಗ ತನ್ನ ಆ್ಯಪ್‌ನಲ್ಲಿ ಸೇವ್ ಮಾಡಿಕೊಂಡ ಬ್ಯಾಂಕು ಈಗ ಆ ಹೆಸರಿನಲ್ಲಿ ಇಲ್ಲದೇ ಇರಬಹುದು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐಯಲ್ಲಿ ಸೇರಿಹೋಯಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕಿಗೆ ಸೇರಿದವು. ಕಾವೇರಿ ಗ್ರಾಮೀಣ ಬ್ಯಾಂಕ್ 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಯಿತು. 2025ರ ಮೇ 1ರಿಂದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಕೂಡಿಕೊಂಡು ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು ಆಯಿತು.

ವಿಲೀನವಾದ ಮೇಲೆ ಕೆಲವು ಕಾಲ ಹಳೆಯ ಕೋಡ್ ನಡೆಯುತ್ತದೆ, ಆಮೇಲೆ ನಿಂತುಹೋಗುತ್ತದೆ. ಸಿಂಡಿಕೇಟ್ ಬ್ಯಾಂಕಿನ ಹಳೆಯ ಕೋಡ್‌ಗಳು 2021ರ ಜುಲೈ 1ರಿಂದ ನಡೆಯುತ್ತಿಲ್ಲ. ಹಾಗಾಗಿ ಪಾಸ್‌ಬುಕ್ಕಿನ ಹಳೆಯ ಫೋಟೋ ನೋಡಿ ಕಳಿಸಿದ ಹಣ ದಾರಿ ತಪ್ಪಬಹುದು.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. ಐಎಫ್‌ಎಸ್‌ಸಿ 11 ಅಕ್ಷರ–ಅಂಕಿಗಳ ಭಾರತದೊಳಗಿನ ಶಾಖೆಯ ವಿಳಾಸ. ಅದರ ಐದನೆಯದು ಯಾವಾಗಲೂ ಸೊನ್ನೆ. ಸ್ವಿಫ್ಟ್ ಕೋಡ್ ಅಂತಾರಾಷ್ಟ್ರೀಯ ವಿಳಾಸ, 8 ಅಥವಾ 11 ಅಕ್ಷರಗಳದ್ದು. ಯುರೋಪು, ಕೊಲ್ಲಿ ದೇಶಗಳಲ್ಲಿ ಬಳಸುವ ‘ಐಬ್ಯಾನ್’ ಭಾರತದ ಖಾತೆಗಳಿಗೆ ಇಲ್ಲವೇ ಇಲ್ಲ. ಯಾರಾದರೂ ಕೇಳಿದರೆ ಊಹಿಸಿ ಬರೆಯಬೇಡಿ. ಸಣ್ಣ ಊರಿನ ಶಾಖೆಗೆ ತನ್ನದೇ ಸ್ವಿಫ್ಟ್ ಕೋಡ್ ಇಲ್ಲದಿರುವುದು ಸಾಮಾನ್ಯ. ಆಗ ಯಾವ ಶಾಖೆಯ ಕೋಡ್ ಹಾಕಬೇಕು ಎಂದು ನಿಮ್ಮ ಶಾಖೆಯಲ್ಲಿ ಕೇಳಿ ಬರೆಸಿಕೊಳ್ಳಿ.

3. ಖಾತೆಯ ಬಗೆಯಲ್ಲಿ

ಪೂರ್ತಿ ದಾಖಲೆ ಕೊಡದೆ ತೆರೆದ ‘ಸಣ್ಣ ಖಾತೆ’ ಎಂಬುದೊಂದಿದೆ. ಅದರಲ್ಲಿ ವರ್ಷಕ್ಕೆ ಜಮಾ ಆಗಬಹುದಾದದ್ದು ಒಟ್ಟು 1 ಲಕ್ಷ ರೂಪಾಯಿ, ಯಾವುದೇ ಹೊತ್ತಿನಲ್ಲಿ ಇರಬಹುದಾದದ್ದು 50,000 ರೂಪಾಯಿ. ಖಾತೆದಾರರ ಗುರುತು ದಾಖಲೆಗಳಿಂದ ಪೂರ್ತಿ ಖಚಿತವಾಗುವವರೆಗೆ ಇಂಥ ಖಾತೆಗೆ ವಿದೇಶದ ಹಣ ಜಮಾ ಮಾಡುವಂತಿಲ್ಲ ಎಂಬ ನಿಯಮವೂ ಇದೆ. ಎಲ್ಲ ಜನಧನ್ ಖಾತೆಗಳೂ ಸಣ್ಣ ಖಾತೆಗಳಲ್ಲ. ಆದರೆ ತಾಯಿಯ ಖಾತೆ ಯಾವುದು, ಕೆವೈಸಿ ಮುಗಿದಿದೆಯೇ ಎಂದು ಕೇಳಿ ತಿಳಿಯುವುದು ಒಳ್ಳೆಯದು.

4. ಉದ್ದೇಶ ಹೇಳದೆ ಇದ್ದದ್ದರಲ್ಲಿ

ವಿದೇಶದಿಂದ ಬರುವ ಪ್ರತಿ ಹಣಕ್ಕೂ ಒಂದು ‘ಉದ್ದೇಶದ ಕೋಡ್’ ಹಾಕಬೇಕು. ಅನಿವಾಸಿ ಭಾರತೀಯರು ಮನೆಯ ಖರ್ಚಿಗೆ, ಉಳಿತಾಯಕ್ಕೆ ಕಳಿಸುವ ಹಣದ ಕೋಡ್ ‘ಪಿ 1301’. ಉದ್ದೇಶ ಸ್ಪಷ್ಟವಿಲ್ಲದಿದ್ದರೆ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗ ಹಣವನ್ನು ತಡೆದು, ನಿಮ್ಮನ್ನು ಕೇಳಲು ಫೋನು, ಮೆಸೇಜು, ಇಮೇಲ್ ಮಾಡುತ್ತದೆ. ಖಾತೆಗೆ ಜೋಡಿಸಿದ ಮೊಬೈಲ್ ನಂಬರು ಹಳೆಯದಾಗಿದ್ದರೆ ಆ ಪ್ರಶ್ನೆ ನಿಮಗೆ ತಲುಪುವುದೇ ಇಲ್ಲ. ಕೊನೆಗೆ ಹಣ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ.

ಟ್ರಸ್ಟು, ಮಠ, ಶಾಲೆಗಳಿಗೆ ಬರುವ ವಿದೇಶಿ ದೇಣಿಗೆಯ ದಾರಿಯೇ ಬೇರೆ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ಪ್ರಕಾರ, ನೋಂದಾಯಿತ ಸಂಸ್ಥೆಯು ಅಂಥ ಹಣವನ್ನು ಮೊದಲು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಯಲ್ಲೇ ಪಡೆಯಬೇಕು. ಊರಿನ ಸಂಸ್ಥೆಯ ಸ್ಥಳೀಯ ಖಾತೆಗೆ ‘ನೇರವಾಗಿ ಹಾಕಿಬಿಡಿ’ ಎಂದು ಹೊರದೇಶದ ದಾನಿಗಳಿಗೆ ಹೇಳಬೇಡಿ.

5. ನಡುವಿನ ಬ್ಯಾಂಕಿನ ಜರಡಿಯಲ್ಲಿ

ಪ್ರತಿ ಸಂದೇಶವನ್ನೂ ಬ್ಯಾಂಕುಗಳ ಕಂಪ್ಯೂಟರ್ ನಿರ್ಬಂಧಿತರ ಪಟ್ಟಿಯೊಡನೆ ತಾಳೆ ನೋಡುತ್ತದೆ. ಒಂದು ಪದ ಹೊಂದಿದರೂ ಸಾಕು, ಸಂದೇಶ ನಿಲ್ಲುತ್ತದೆ.

ಇದರ ದೊಡ್ಡ ಉದಾಹರಣೆ 2016ರ ಫೆಬ್ರವರಿಯದು. ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿದ್ದ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಖಾತೆಯಿಂದ ಕಳ್ಳರು 35 ನಕಲಿ ಸ್ವಿಫ್ಟ್ ಸಂದೇಶಗಳ ಮೂಲಕ ಸುಮಾರು 95 ಕೋಟಿ ಡಾಲರ್ ಎಳೆಯಲು ನೋಡಿದರು. 8.1 ಕೋಟಿ ಡಾಲರ್ ಫಿಲಿಪ್ಪೀನ್ಸಿಗೆ ಹೋಗಿಯೇಬಿಟ್ಟಿತು. ಉಳಿದ ಬಹುಪಾಲು ನಿಂತದ್ದಕ್ಕೆ ಒಂದು ಕಾರಣ ಅಲ್ಲಿನ ಬ್ಯಾಂಕ್ ಶಾಖೆ ‘ಜೂಪಿಟರ್’ ಎಂಬ ಬೀದಿಯಲ್ಲಿತ್ತು ಎಂಬುದು. ಆ ಪದ ನಿರ್ಬಂಧಿತರ ಪಟ್ಟಿಯಲ್ಲಿದ್ದ, ಇದಕ್ಕೆ ಸಂಬಂಧವೇ ಇಲ್ಲದ ಬೇರೊಂದು ಹೆಸರಿಗೆ ಹೊಂದಿತು. ಶ್ರೀಲಂಕಾಕ್ಕೆ ಹೊರಟಿದ್ದ 2 ಕೋಟಿ ಡಾಲರ್ ‘ಫೌಂಡೇಶನ್’ ಎಂಬುದನ್ನು ‘ಫ್ಯಾಂಡೇಶನ್’ ಎಂದು ಬರೆದಿದ್ದರಿಂದ ಅನುಮಾನಕ್ಕೆ ಬಿದ್ದು ವಾಪಸಾಯಿತು.

ಕಳ್ಳರನ್ನು ಹಿಡಿದ ಅದೇ ಜರಡಿ ಕೆಲವೊಮ್ಮೆ ಸಾಚಾ ಹಣವನ್ನೂ ಹಿಡಿಯುತ್ತದೆ. ಆಗ ನಡುವಿನ ಬ್ಯಾಂಕು ‘ಇವರು ಯಾರು, ಹಣ ಯಾತಕ್ಕೆ’ ಎಂದು ಕಳಿಸಿದ ಬ್ಯಾಂಕನ್ನು ಕೇಳುತ್ತದೆ. ಉತ್ತರ ಹೋಗುವವರೆಗೂ ಹಣ ಅಲ್ಲೇ. ಕಳಿಸಿದವರು ತಮ್ಮ ಬ್ಯಾಂಕಿನ ಇಮೇಲನ್ನು ನೋಡದೇ ಬಿಟ್ಟರೆ ವಾರಗಳು ಹೀಗೇ ಕಳೆಯುತ್ತವೆ.

ಹಾಗಾದರೆ ಏನು ಮಾಡಬೇಕು?

ಮೊದಲ ಹೆಜ್ಜೆ: ಕಳಿಸಿದವರು ನಂಬರು ತರಿಸಬೇಕು. ಬ್ಯಾಂಕಿನಿಂದ ಕಳಿಸಿದ್ದರೆ ‘ಸ್ವಿಫ್ಟ್ ಕಾಪಿ’ ಕೇಳಿ. 2025ರ ನವೆಂಬರ್‌ವರೆಗೆ ಇದರ ಹೆಸರು ‘ಎಂಟಿ 103’ ಎಂದಿತ್ತು. ಈಗಿನ ಹೊಸ ರೂಪದ ಹೆಸರು ‘ಪ್ಯಾಕ್ಸ್ 008’. ಹೆಸರು ಏನೇ ಇರಲಿ, ಅದರಲ್ಲಿ ‘ಯುಇಟಿಆರ್’ ಎಂಬ 36 ಅಕ್ಷರಗಳ ಗುರುತು ಇರುತ್ತದೆ. ಅಡ್ಡಗೆರೆಗಳೂ ಸೇರಿ 36. ಕೊರಿಯರ್ ಪಾರ್ಸೆಲ್ಲಿನ ಟ್ರ್ಯಾಕಿಂಗ್ ನಂಬರಿನ ಹಾಗೆ ಇದು ದಾರಿಯುದ್ದಕ್ಕೂ ಬದಲಾಗುವುದಿಲ್ಲ. ಇದನ್ನು ಹಾಕಿ ನೋಡಿದರೆ ಹಣ ಯಾವ ಬ್ಯಾಂಕಿನಲ್ಲಿ ನಿಂತಿದೆ ಎಂದು ಬ್ಯಾಂಕಿನವರಿಗೆ ಕಾಣುತ್ತದೆ. ಎಕ್ಸ್‌ಚೇಂಜ್ ಕಂಪನಿಯಿಂದ ಕಳಿಸಿದ್ದರೆ ರಸೀದಿಯ ಜೊತೆಗೆ, ಭಾರತದೊಳಗಿನ ನೆಫ್ಟ್ ಅಥವಾ ಐಎಂಪಿಎಸ್ ವ್ಯವಹಾರದ ‘ಯುಟಿಆರ್’ ಅಥವಾ ರೆಫರೆನ್ಸ್ ನಂಬರು ಕೇಳಿ. ಯಾವ ಬ್ಯಾಂಕಿನ ಮೂಲಕ ಹಾಕಿಸಿದರು ಎಂಬುದನ್ನೂ ಬರೆಸಿಕೊಳ್ಳಿ.

ಎರಡನೆಯ ಹೆಜ್ಜೆ: ಕೊಟ್ಟ ವಿವರ ತಾಳೆ ನೋಡಿ. ಖಾತೆ ಸಂಖ್ಯೆ, ಹೆಸರು, ಐಎಫ್‌ಎಸ್‌ಸಿ, ಸ್ವಿಫ್ಟ್ ಕೋಡ್ ಈ ನಾಲ್ಕನ್ನೂ ಪಾಸ್‌ಬುಕ್ ಪಕ್ಕ ಇಟ್ಟು ಒಂದೊಂದೇ ಅಂಕಿ ಓದಿ. ತಪ್ಪು ಕಂಡರೆ ಮುಚ್ಚಿಡಬೇಡಿ. ಹಣ ಇನ್ನೂ ದಾರಿಯಲ್ಲಿದ್ದರೆ ಕಳಿಸಿದ ಬ್ಯಾಂಕು ‘ತಿದ್ದುಪಡಿ’ ಸಂದೇಶ ಕಳಿಸಬಹುದು. ಹೆಸರಿನ ಕಾಗುಣಿತದಂಥ ತಪ್ಪು ಅಷ್ಟರಲ್ಲೇ ಸರಿಹೋಗಬಹುದು.

ಮೂರನೆಯ ಹೆಜ್ಜೆ: ಕಳಿಸಿದವರೇ ‘ಪತ್ತೆ ಮಾಡಿ’ ಎಂದು ಬರೆದು ಕೊಡಬೇಕು. ಹುಡುಕುವ ಕೆಲಸಕ್ಕೆ ಬ್ಯಾಂಕುಗಳಲ್ಲಿ ‘ಟ್ರೇಸ್’ ಎನ್ನುತ್ತಾರೆ. ಹಣ ಕಳಿಸಿದವರು ಆ ಬ್ಯಾಂಕಿನ ಗ್ರಾಹಕರು, ಹಾಗಾಗಿ ಅವರ ಮಾತಿಗೇ ಅಲ್ಲಿ ಬೆಲೆ. ತಾಯಿ ಕೊಳ್ಳೇಗಾಲದ ಶಾಖೆಗೆ ಎಷ್ಟು ಸಲ ಅಲೆದರೂ ದುಬೈ ಬ್ಯಾಂಕಿನ ಪುಸ್ತಕ ತೆರೆಯುವುದಿಲ್ಲ. ದೂರಿನ ನಂಬರು, ದಿನಾಂಕ ಬರೆದಿಟ್ಟುಕೊಳ್ಳಿ.

ನಾಲ್ಕನೆಯ ಹೆಜ್ಜೆ: ಪಡೆಯುವವರು ಶಾಖೆಗೆ ಹೋಗಬೇಕು. ‘ಹಣ ಬಂತಾ’ ಎಂದು ಕೇಳಿದರೆ ಕೌಂಟರಿನವರು ಖಾತೆ ನೋಡಿ ‘ಇಲ್ಲ’ ಎನ್ನುತ್ತಾರೆ. ಅದರ ಬದಲು ಯುಇಟಿಆರ್, ಮೊತ್ತ, ಕಳಿಸಿದ ದಿನ, ಕಳಿಸಿದವರ ಹೆಸರು ಬರೆದ ಚೀಟಿ ಕೊಟ್ಟು ‘ನಿಮ್ಮ ವಿದೇಶಿ ವಿನಿಮಯ ವಿಭಾಗದಲ್ಲಿ ಇದು ಬಾಕಿ ಇದೆಯಾ ನೋಡಿಸಿ’ ಎಂದು ಕೇಳಿ. ಆ ವಿಭಾಗ ನಿಮ್ಮ ಊರಿನಲ್ಲಿರುವುದಿಲ್ಲ, ದೊಡ್ಡ ಊರಿನಲ್ಲಿರುತ್ತದೆ. ಶಾಖೆಯವರೇ ಇಮೇಲ್ ಮಾಡಿ ಕೇಳಬೇಕು. ಉದ್ದೇಶ, ಕೆವೈಸಿ ಕಾಗದ ಕೇಳಿದರೆ ಅಲ್ಲೇ ಕೊಟ್ಟು ಮುಗಿಸಿ.

ಐದನೆಯ ಹೆಜ್ಜೆ: ದೂರು. ತಪ್ಪು ಭಾರತದ ಬ್ಯಾಂಕಿನ ಕಡೆ ಎಂದು ಗೊತ್ತಾದರೆ ಮೊದಲು ಆ ಬ್ಯಾಂಕಿಗೇ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್ ಎಂಬ ಜಾಲತಾಣದಲ್ಲಿ ದೂರು ದಾಖಲಿಸಬಹುದು. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾಹಿತಿ ಸಿಗುತ್ತದೆ. ಇದಕ್ಕೆ ಒಂದು ಪೈಸೆಯೂ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ನಿಮ್ಮ ಬ್ಯಾಂಕಿಗೆ ದೂರು ಕೊಡದೆ ನೇರವಾಗಿ ಹೋದರೆ ಮಾತ್ರ ಅರ್ಜಿ ನಿಲ್ಲುವುದಿಲ್ಲ.

ತಪ್ಪು ಹೊರದೇಶದ ಕಡೆ ಇದ್ದರೆ ಅಲ್ಲಿನ ಕಾನೂನು ಕಳಿಸಿದವರ ಕೈ ಹಿಡಿಯುತ್ತದೆ. ಅಮೆರಿಕದಿಂದ ಮನೆಗೆ ಹಣ ಕಳಿಸುವವರಿಗೆ 2013ರಿಂದ ಒಂದು ನಿಯಮವಿದೆ. ಹಣ ತಲುಪುತ್ತದೆ ಎಂದು ಹೇಳಿದ ದಿನದಿಂದ 180 ದಿನದೊಳಗೆ ತಪ್ಪನ್ನು ತಿಳಿಸಿದರೆ ಕಂಪನಿ 90 ದಿನದೊಳಗೆ ತನಿಖೆ ಮುಗಿಸಬೇಕು. ಬ್ರಿಟನ್ನಿನಲ್ಲಿ ಫೈನಾನ್ಷಿಯಲ್ ಒಂಬುಡ್ಸ್‌ಮನ್ ಸರ್ವಿಸ್, ಯುಎಇಯಲ್ಲಿ ‘ಸನದಕ್’ ಎಂಬ ಸಂಸ್ಥೆ ಇಂಥ ದೂರು ಕೇಳುತ್ತವೆ. ಎಲ್ಲ ಕಡೆಯೂ ಮೊದಲ ದೂರು ಬ್ಯಾಂಕಿಗೆ ಅಥವಾ ಕಂಪನಿಗೇ.

ಹಣ ಬಂತು, ಆದರೆ ಕಡಿಮೆ ಬಂತು. ಯಾಕೆ?

ಸ್ವಿಫ್ಟ್ ದಾರಿಯಲ್ಲಿ ಶುಲ್ಕ ಯಾರದು ಎಂಬುದಕ್ಕೆ ಮೂರು ಆಯ್ಕೆ ಇವೆ. ‘ಓಯುಆರ್’ ಎಂದರೆ ಎಲ್ಲ ಖರ್ಚೂ ಕಳಿಸಿದವರದು. ‘ಬಿಇಎನ್’ ಎಂದರೆ ಪಡೆಯುವವರದು. ‘ಎಸ್‌ಎಚ್‌ಎ’ ಎಂದರೆ ಹಂಚಿಕೆ, ಇದರಲ್ಲಿ ನಡುವಿನ ಬ್ಯಾಂಕು ತನ್ನ ಪಾಲನ್ನು ದಾರಿಯಲ್ಲೇ ಕಡಿಯಬಹುದು.

ಒಂದು ಲೆಕ್ಕ ಹಾಕೋಣ. 1,000 ಡಾಲರ್ ಕಳಿಸಿದರು, ನಡುವಿನ ಬ್ಯಾಂಕು 20 ಡಾಲರ್ ಕಡಿಯಿತು ಎಂದುಕೊಳ್ಳಿ. ಉಳಿದದ್ದು 980. ಬ್ಯಾಂಕು ಡಾಲರಿಗೆ 85 ರೂಪಾಯಿ ಕೊಟ್ಟರೆ 83,300 ರೂಪಾಯಿ. 1 ಲಕ್ಷದವರೆಗಿನ ಮೊತ್ತಕ್ಕೆ ಅದರ ಶೇ 1ರಷ್ಟನ್ನು ವಿನಿಮಯ ಸೇವೆಯ ಬೆಲೆ ಎಂದು ಹಿಡಿದು ಅದರ ಮೇಲೆ ಶೇ 18 ಜಿಎಸ್‌ಟಿ ಹಾಕುತ್ತಾರೆ. ಇಲ್ಲಿ ಅದು ಸುಮಾರು 150 ರೂಪಾಯಿ. ಇದರಲ್ಲಿ ಯಾರೂ ಕದ್ದಿಲ್ಲ. ಆದರೆ ಯಾವುದಕ್ಕೆ ಎಷ್ಟು ಎಂದು ಬ್ಯಾಂಕಿನಿಂದ ವಿವರ ಕೇಳಿ ಪಡೆಯುವುದು ನಿಮ್ಮ ಹಕ್ಕು.

ವಾಪಸ್ ಹೋದ ಹಣವೂ ಹೀಗೇ ಸವೆಯುತ್ತದೆ. ಹೋಗುವಾಗ ಒಂದು ಶುಲ್ಕ, ಬರುವಾಗ ಒಂದು ಶುಲ್ಕ, ಎರಡು ಸಲ ನಾಣ್ಯ ಬದಲಾದರೆ ದರದ ವ್ಯತ್ಯಾಸ ಬೇರೆ. ಆದ್ದರಿಂದ ಹಣ ನಡುವೆ ನಿಂತಿದೆ ಎಂದು ಗೊತ್ತಾದರೆ ಮೊದಲು ತಿದ್ದುಪಡಿಗೆ ನೋಡಿ, ವಾಪಸ್ ಕರೆಸುವುದು ಕೊನೆಯ ದಾರಿ.

ಬೇರೆಯವರ ಖಾತೆಗೆ ಹೋಗಿಬಿಟ್ಟರೆ?

ಇದು ನಿಜವಾಗಿಯೂ ಕಷ್ಟದ ಸಂಗತಿ. ಕಳಿಸಿದ ಬ್ಯಾಂಕು ‘ವಾಪಸ್ ಕೊಡಿ’ ಎಂದು ಕೋರಿಕೆ ಕಳಿಸುತ್ತದೆ. ಆದರೆ ಒಮ್ಮೆ ಜಮಾ ಆದ ಹಣವನ್ನು ಆ ಖಾತೆದಾರರ ಒಪ್ಪಿಗೆ ಇಲ್ಲದೆ ಬ್ಯಾಂಕು ಸಾಮಾನ್ಯವಾಗಿ ತೆಗೆಯುವುದಿಲ್ಲ. ಅವರು ಒಪ್ಪದಿದ್ದರೆ ಪೊಲೀಸ್ ದೂರು, ನ್ಯಾಯಾಲಯದ ದಾರಿ ಉಳಿಯುತ್ತದೆ.

ದೊಡ್ಡವರಿಗೂ ಈ ಕಷ್ಟ ತಪ್ಪಿಲ್ಲ. 2020ರ ಆಗಸ್ಟ್‌ನಲ್ಲಿ ಅಮೆರಿಕದ ಸಿಟಿಬ್ಯಾಂಕ್ ಒಂದು ಕಂಪನಿಯ ಸಾಲಗಾರರಿಗೆ ಬಡ್ಡಿ ಕಳಿಸುವ ಬದಲು ಕೈತಪ್ಪಿನಿಂದ ಸುಮಾರು 90 ಕೋಟಿ ಡಾಲರ್ ಕಳಿಸಿಬಿಟ್ಟಿತು. ಕೆಲವರು ಹಿಂದಿರುಗಿಸಿದರು, ಸುಮಾರು 50 ಕೋಟಿ ಡಾಲರ್ ಪಡೆದವರು ಕೊಡಲ್ಲ ಎಂದರು. 2021ರಲ್ಲಿ ನ್ಯಾಯಾಲಯದಲ್ಲಿ ಬ್ಯಾಂಕು ಸೋತಿತು. 2022ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿಯಲ್ಲಿ ಗೆದ್ದಿತು. ಅಷ್ಟು ದೊಡ್ಡ ಬ್ಯಾಂಕಿಗೇ ಎರಡು ವರ್ಷ ಹಿಡಿಯಿತು. ನಮ್ಮಂಥವರು ಕಳಿಸುವ ಮೊದಲೇ ಒಂದು ಅಂಕಿ ಹೆಚ್ಚು ಸಲ ಓದುವುದು ಸುಲಭ.

ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು?

‘ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.’ ಅರ್ಧ ನಿಜ. ಎಟಿಎಂ, ಯುಪಿಐ, ಐಎಂಪಿಎಸ್‌ನಂಥ ವ್ಯವಹಾರ ವಿಫಲವಾಗಿ ಗಡುವಿನೊಳಗೆ ಹಣ ಮರಳದಿದ್ದರೆ ದಿನಕ್ಕೆ 100 ರೂಪಾಯಿ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಸುತ್ತೋಲೆ ಹೊರಡಿಸಿದ್ದು ಹೌದು. ಆದರೆ ಅದು ಕಳಿಸುವವರು, ಪಡೆಯುವವರು ಇಬ್ಬರೂ ಭಾರತದಲ್ಲೇ ಇರುವ ವ್ಯವಹಾರಗಳಿಗೆ ಎಂದು ಅದೇ ಸುತ್ತೋಲೆ ಹೇಳುತ್ತದೆ. ವಿದೇಶದಿಂದ ಬರುವ ಹಣಕ್ಕೆ ಅನ್ವಯಿಸುವುದಿಲ್ಲ.

‘ಹಣ ರಿಸರ್ವ್ ಬ್ಯಾಂಕಿನಲ್ಲಿದೆ, ತೆರಿಗೆ ಕಟ್ಟಿ ಬಿಡಿಸಿಕೊಳ್ಳಿ.’ ಪೂರ್ತಿ ಸುಳ್ಳು. ರಿಸರ್ವ್ ಬ್ಯಾಂಕು ಸಾಮಾನ್ಯ ಜನರ ಉಳಿತಾಯ ಖಾತೆ ಇಟ್ಟುಕೊಳ್ಳುವುದಿಲ್ಲ, ಯಾರ ಹಣವನ್ನೂ ತನ್ನಲ್ಲಿಟ್ಟು ಶುಲ್ಕ ಕೇಳುವುದಿಲ್ಲ. ಇಂಥ ಪತ್ರ, ಇಮೇಲ್‌ಗಳನ್ನು ನಂಬಬೇಡಿ ಎಂದು ಅದೇ ಮತ್ತೆ ಮತ್ತೆ ಎಚ್ಚರಿಸಿದೆ. ಮುದ್ರೆ, ಸಹಿ, ಅಶೋಕ ಸ್ತಂಭ ಇದ್ದರೂ ಅದು ನಕಲಿ.

‘ಈ ಕಸ್ಟಮರ್ ಕೇರ್ ನಂಬರಿಗೆ ಕರೆ ಮಾಡಿ.’ ಇಲ್ಲೇ ಎರಡನೆಯ ಸಲ ಹಣ ಹೋಗುವುದು. ಹಣ ಸಿಕ್ಕಿಕೊಂಡಿದೆ ಎಂದು ಸಾಮಾಜಿಕ ಜಾಲತಾಣದಲ್ಲಿ ಹೇಳಿಕೊಂಡವರನ್ನು ಹುಡುಕಿ ‘ನಾವು ಬಿಡಿಸಿಕೊಡುತ್ತೇವೆ’ ಎಂದು ಬರುವವರಿದ್ದಾರೆ. ಒಂದು ಆ್ಯಪ್ ಹಾಕಿಸುತ್ತಾರೆ, ಒಟಿಪಿ ಕೇಳುತ್ತಾರೆ, ಇಲ್ಲವೇ ‘ಪ್ರೊಸೆಸಿಂಗ್ ಶುಲ್ಕ’ ಎಂದು ಯುಪಿಐಗೆ ಹಾಕಿಸಿಕೊಳ್ಳುತ್ತಾರೆ. ನೆನಪಿಡಿ: ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಬ್ಯಾಂಕು ಪತ್ತೆ ಕೆಲಸಕ್ಕೆ ಶುಲ್ಕ ಹಾಕಿದರೂ ಅದನ್ನು ಖಾತೆಯಿಂದ ಕಡಿದು ದಾಖಲೆ ಕೊಡುತ್ತದೆ, ಯಾರದೋ ಫೋನ್ ನಂಬರಿಗೆ ಹಾಕಿ ಎನ್ನುವುದಿಲ್ಲ. ಮೋಸ ಹೋಗಿದ್ದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಹಾರುವ ಮೊದಲು ತಡೆಯುವ ಸಾಧ್ಯತೆ ಹೆಚ್ಚು.

‘ಬ್ಯಾಂಕಿನ ರಗಳೆ ಬೇಡ, ಹವಾಲಾದಲ್ಲಿ ಸಂಜೆಗೇ ಬರುತ್ತೆ.’ ಬರಬಹುದು. ಆದರೆ ಅದು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, 1999ರ ಉಲ್ಲಂಘನೆ. ಮೊತ್ತದ ಮೂರು ಪಟ್ಟಿನವರೆಗೆ ದಂಡ ಬೀಳಬಹುದು. ಅದಕ್ಕಿಂತ ಮುಖ್ಯವಾಗಿ, ಬರದೇ ಹೋದರೆ ಕೇಳಲು ನಂಬರೂ ಇಲ್ಲ, ದೂರು ಕೊಡಲು ಜಾಗವೂ ಇಲ್ಲ.

ಮುಂದಿನ ಸಲ ಹೀಗೆ ಮಾಡಿ

ಪಾಸ್‌ಬುಕ್ಕಿನ ಹೊಸ ಮೊದಲ ಪುಟದ ಫೋಟೋ ತೆಗೆದು ಮಗನಿಗೆ ಕಳಿಸಿ, ಹಳೆಯದನ್ನು ಅಳಿಸಲು ಹೇಳಿ. ಹೆಸರನ್ನು ಅದರಲ್ಲಿ ಇದ್ದ ಹಾಗೆಯೇ, ಇನಿಷಿಯಲ್ ಎಲ್ಲಿದೆಯೋ ಅಲ್ಲೇ ಇಟ್ಟು ಟೈಪ್ ಮಾಡಲಿ. ಉದ್ದೇಶದ ಜಾಗದಲ್ಲಿ ‘ಕುಟುಂಬ ನಿರ್ವಹಣೆ’ ಎಂದು ಇಂಗ್ಲಿಷಿನಲ್ಲಿ ಬರೆಯಲಿ. ಶಾಖೆಗೆ ಹೋಗಿ ಮೊಬೈಲ್ ನಂಬರು, ಕೆವೈಸಿ ಸರಿಯಿದೆಯೇ ಎಂದು ನೋಡಿ. ಹೊಸ ಖಾತೆಗೆ ಮೊದಲ ಸಲ ಕಳಿಸುವಾಗ ಸಣ್ಣ ಮೊತ್ತ ಕಳಿಸಿ, ಅದು ತಲುಪಿದ ಮೇಲೆ ಉಳಿದದ್ದು. ಫೀಸಿನ ಕೊನೆಯ ದಿನಕ್ಕೆ ಕಾಯದೆ ಎರಡು ವಾರ ಮೊದಲೇ ಕಳಿಸಿ.

ನಮ್ಮ ಉದಾಹರಣೆಯ ತಾಯಿಯ ಕಡೆಗೆ ಹಿಂದಿರುಗೋಣ. ಅವಳು ಈಗ ಮಗನಿಗೆ ಕೇಳಬೇಕಾದದ್ದು “ನಿಜವಾಗ್ಲೂ ಕಳ್ಸಿದ್ಯಾ?” ಎಂದಲ್ಲ. “ಆ ಮೂವತ್ತಾರು ಅಕ್ಷರದ ನಂಬರು ಇಸ್ಕೊಂಡು ಕಳ್ಸಪ್ಪ” ಎಂದು. ಅಷ್ಟು ಗೊತ್ತಿದ್ದರೆ ಮನೆಯಲ್ಲಿ ಜಗಳ ತಪ್ಪುತ್ತದೆ, ಮೋಸಗಾರರಿಗೆ ದಾರಿ ಮುಚ್ಚುತ್ತದೆ. ಹೊರದೇಶದಲ್ಲಿ ಮಕ್ಕಳಿರುವ ನಿಮ್ಮ ಪರಿಚಯದವರಿಗೆ ಇದನ್ನು ಕಳಿಸಿ. ಹಣ ಸಿಕ್ಕಿಕೊಂಡ ದಿನ ಗಾಬರಿಯಲ್ಲಿ ಓದುವುದಕ್ಕಿಂತ ಇವತ್ತೇ ಓದಿಟ್ಟುಕೊಂಡಿರುವುದು ಮೇಲು.